ಕೀಳದ ಹಲ್ಲುಗಳ ಲೆಕ್ಕ

ಓದುಗರೊಬ್ಬರ ಪತ್ರ: ‘ಕಳೆದ ಸಂಚಿಕೆಯಲ್ಲಿ ಕುಟುಂಬ ದಂತವೈದ್ಯರೊಬ್ಬರ ಬದುಕಿಗೆ ನಾಲ್ಕು ಪುಟ ಕೊಟ್ಟಿದ್ದೀರಿ. ಜೀವ ಉಳಿಸುವವರ ಸೇವೆಯೇ ಬೇರೆ. ಹಲ್ಲುನೋವಿನಿಂದ ಯಾರೂ ಸಾಯುವುದಿಲ್ಲ. ಉಚಿತ ತಪಾಸಣೆ ಎನ್ನುವುದು ಎಷ್ಟೋ ಸಲ ಚಿಕಿತ್ಸಾಲಯದ ಪ್ರಚಾರವಷ್ಟೆ. ನಾನಂತೂ ಹನ್ನೊಂದು ವರ್ಷಗಳಿಂದ ದಂತವೈದ್ಯರ ಮುಖ ನೋಡಿಲ್ಲ, ಚೆನ್ನಾಗಿಯೇ ಇದ್ದೇನೆ. ಇಷ್ಟು ಪುಟ ಬೇಕಿತ್ತೇ?’

ಸಂಪಾದಕರ ಉತ್ತರ: ಮಾನ್ಯರೇ, ನಿಮ್ಮ ಒಂದು ಮಾತನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬ್ಯಾನರ್ ಕಟ್ಟಿ, ಒಂದೇ ದಿನದಲ್ಲಿ ನೂರಾರು ಬಾಯಿಗಳಿಗೆ ಟಾರ್ಚ್ ಬಿಟ್ಟು, ಕೊನೆಗೆ ತಮ್ಮ ವಿಳಾಸದ ಚೀಟಿ ಹಂಚುವ ಶಿಬಿರಗಳಿವೆ. ಅವನ್ನು ಸೇವೆಯೆಂದು ಕರೆಯಲು ನನಗೂ ಮನಸ್ಸಿಲ್ಲ. ನನ್ನ ಒಪ್ಪಿಗೆ ಅಲ್ಲಿಗೆ ಮುಗಿಯಿತು.

ಹಲ್ಲಿನಿಂದ ಯಾರೂ ಸಾಯುವುದಿಲ್ಲವೆಂದು ಎಷ್ಟು ಧೈರ್ಯವಾಗಿ ಬರೆದಿದ್ದೀರಿ! 17ನೆಯ ಶತಮಾನದ ಲಂಡನ್ನಿನಲ್ಲಿ ವಾರವಾರವೂ ಅಚ್ಚಾಗುತ್ತಿದ್ದ ಮರಣಪಟ್ಟಿಗಳಲ್ಲಿ ಪ್ಲೇಗು, ಜ್ವರಗಳ ಜೊತೆಗೆ ‘ಹಲ್ಲು’ ಎಂಬುದೂ ಸಾವಿನ ಒಂದು ಕಾರಣವಾಗಿ ನಮೂದಾಗುತ್ತಿತ್ತು. ಅದರಲ್ಲಿ ಹಲ್ಲು ಹುಟ್ಟುವ ವಯಸ್ಸಿನ ಶಿಶುಗಳೂ ಸೇರಿದ್ದವು, ಅವುಗಳ ಸಾವಿಗೆ ಬೇರೆ ಕಾರಣವಿದ್ದಿರಬಹುದು. ಆ ಪುರಾವೆಯನ್ನು ನೀವು ಬೇಕಾದರೆ ತಳ್ಳಿಹಾಕಿ. ಆದರೆ 1836ರಲ್ಲಿ ಜರ್ಮನಿಯ ವೈದ್ಯ ಲುಡ್ವಿಗ್ ವಿವರಿಸಿದ, ಇಂದಿಗೂ ಆತನ ಹೆಸರಿನಲ್ಲೇ ಇರುವ ಸೋಂಕನ್ನು ತಳ್ಳಿಹಾಕುವಂತಿಲ್ಲ. ಬಹುಪಾಲು ಅದು ಹೊರಡುವುದು ಕೆಳದವಡೆಯ ಹುಳುಕು ಹಲ್ಲಿನಿಂದ. ಸೋಂಕು ಬಾಯಿಯ ತಳಕ್ಕೆ ಹರಡಿ, ನಾಲಗೆಯನ್ನು ಮೇಲಕ್ಕೊತ್ತಿ, ಕತ್ತು ಊದಿ, ಉಸಿರಿನ ದಾರಿಯನ್ನೇ ಮುಚ್ಚುತ್ತದೆ. ಆ್ಯಂಟಿಬಯೊಟಿಕ್‌ಗಳು ಬರುವ ಮೊದಲು ಅದು ತಗುಲಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಉಳಿಯುತ್ತಿರಲಿಲ್ಲ. ಇಂದು ಅಂಥ ರೋಗಿಯ ಕತ್ತು ಕೊಯ್ದು ಉಸಿರು ಉಳಿಸಿದ ಶಸ್ತ್ರವೈದ್ಯರು ಸುದ್ದಿಯಾಗುತ್ತಾರೆ, ಆಗಲೇಬೇಕು. ಅಂಥದೇ ಹಲ್ಲೊಂದನ್ನು ವರ್ಷಗಳ ಮೊದಲೇ ಅರ್ಧ ತಾಸಿನಲ್ಲಿ ತುಂಬಿ ಕಳುಹಿಸಿದ ದಂತವೈದ್ಯರು ಸುದ್ದಿಯಾಗುವುದಿಲ್ಲ, ಏಕೆಂದರೆ ಅಲ್ಲಿ ಆಮೇಲೆ ಏನೂ ನಡೆಯಲಿಲ್ಲ. ಆ ‘ಏನೂ ನಡೆಯಲಿಲ್ಲ’ ಎಂಬುದಕ್ಕೇ ನಾವು ನಾಲ್ಕು ಪುಟ ಕೊಟ್ಟದ್ದು.

ಲೇಖನವನ್ನು ನೀವು ಪೂರ್ತಿ ಓದಿದಂತಿಲ್ಲ. ಆ ವೈದ್ಯರು ಬ್ಯಾನರ್ ಕಟ್ಟಿದವರಲ್ಲ. ವಾರಕ್ಕೊಂದು ದಿನ ಚಿಕಿತ್ಸಾಲಯ ಮುಚ್ಚಿ ಶಾಲೆಗಳಿಗೆ ಹೋಗುತ್ತಿದ್ದರು, ಒಂದೇ ಹಲ್ಲನ್ನು ಹುಡುಕಿಕೊಂಡು. ಸುಮಾರು ಆರನೆಯ ವಯಸ್ಸಿನಲ್ಲಿ, ಹಾಲುಹಲ್ಲುಗಳ ಸಾಲಿನ ಹಿಂದೆ, ಯಾವ ಹಲ್ಲೂ ಬೀಳದೆಯೇ ಶಾಶ್ವತ ದವಡೆಹಲ್ಲು ಹುಟ್ಟುತ್ತದೆ. ಬಿದ್ದ ಹಲ್ಲಿನ ಜಾಗದಲ್ಲಿ ಬಂದದ್ದಲ್ಲವಾದ್ದರಿಂದ ಮನೆಯವರು ಅದನ್ನೂ ಹಾಲುಹಲ್ಲೆಂದೇ ತಿಳಿಯುತ್ತಾರೆ. ಅದರ ಆಳವಾದ ಗೆರೆಗಳಲ್ಲಿ ಹುಳುಕು ಹಿಡಿದರೆ ಹೇಗೂ ಬಿದ್ದುಹೋಗುವ ಹಲ್ಲೆಂದು ಸುಮ್ಮನಾಗುತ್ತಾರೆ. ನನ್ನ ಮನೆಯಲ್ಲೂ ಹಾಗೆಯೇ ಆಯಿತು. ಹತ್ತನೆಯ ವಯಸ್ಸಿನಲ್ಲಿ ಕೀಳಿಸಿಕೊಂಡ ಆ ಹಲ್ಲಿನ ಜಾಗಕ್ಕೆ ಪಕ್ಕದ್ದು ವಾಲಿದೆ, ಎದುರಿನದು ಇಳಿದಿದೆ. ಇಂದಿಗೂ ನಾನು ಒಂದೇ ಕಡೆ ಅಗಿಯುತ್ತೇನೆ. ಈ ವಿಷಯದಲ್ಲಿ ನಾನು ನಿಷ್ಪಕ್ಷಪಾತಿಯಲ್ಲ ಎಂಬುದು ನಿಮಗೆ ಈಗ ತಿಳಿದಿರಬೇಕು.

ಹಲ್ಲಿನ ಹೊರಪದರವಾದ ಎನಾಮಲ್ ನಮ್ಮ ದೇಹದ ಅತ್ಯಂತ ಗಟ್ಟಿಯಾದ ವಸ್ತು, ಆದರೆ ಅದರಲ್ಲಿ ಜೀವಕೋಶಗಳಿಲ್ಲ. ಒಮ್ಮೆ ಗುಳಿ ಬಿದ್ದರೆ ತಾನಾಗಿ ಮುಚ್ಚಿಕೊಳ್ಳುವುದಿಲ್ಲ. ಗುಳಿ ಬೀಳುವುದಕ್ಕೆ ಮೊದಲು ಸುಣ್ಣದ ಬೊಟ್ಟಿನಂತೆ ಒಂದು ಬಿಳಿ ಕಲೆ ಕಾಣಿಸಿಕೊಳ್ಳುತ್ತದೆ. ಆ ಹಂತದಲ್ಲಿ ಫ್ಲೋರೈಡ್ ಹಚ್ಚಿ, ಸಕ್ಕರೆಗೆ ಕಡಿವಾಣ ಹಾಕಿದರೆ, ಜೊಲ್ಲಿನಲ್ಲಿರುವ ಖನಿಜಗಳೇ ಹಲ್ಲನ್ನು ರಿಪೇರಿ ಮಾಡಬಲ್ಲವು. ಆ ಬಿಳಿ ಕಲೆ ನೋಯುವುದಿಲ್ಲ. ನೋವಿಲ್ಲದಿದ್ದಾಗಲೂ ಬಾಯಿ ತೆರೆಸಬಲ್ಲವರು, ಮಗುವಿನ ಅಜ್ಜಿಯ ಹಲ್ಲನ್ನೂ ಕಂಡವರು, ಮಾತ್ರ ಅದನ್ನು ಸಮಯಕ್ಕೆ ನೋಡುತ್ತಾರೆ. ಕುಟುಂಬ ದಂತವೈದ್ಯರೆಂದರೆ ಇವರೇ. ಗುಳಿ ಬಿದ್ದ ಮೇಲೂ ನಮ್ಮ ಲೇಖನದ ವೈದ್ಯರ ಚೀಲದಲ್ಲಿ ಉಪಾಯವಿತ್ತು: ಡ್ರಿಲ್ ಇಲ್ಲದೆ, ವಿದ್ಯುತ್ತೂ ಇಲ್ಲದೆ, ಕೈಯುಪಕರಣಗಳಿಂದ ಹುಳುಕು ಕೆರೆದು ಗ್ಲಾಸ್ ಅಯಾನೊಮರ್ ಸಿಮೆಂಟ್ ತುಂಬುವ ವಿಧಾನ. 1980ರ ದಶಕದಲ್ಲಿ ಟಾಂಜಾನಿಯಾದಲ್ಲಿ ರೂಪುಗೊಂಡ ವಿಧಾನವದು. ಆ ಸಿಮೆಂಟನ್ನು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅಗತ್ಯ ಔಷಧಿಗಳ ಪಟ್ಟಿಗೇ ಸೇರಿಸಿತು.

ತಪ್ಪು ನಿಮ್ಮೊಬ್ಬರದೇ ಅಲ್ಲ. 1840ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಜಗತ್ತಿನ ಮೊದಲ ದಂತವೈದ್ಯ ಕಾಲೇಜು ತೆರೆಯಿತು; ಅದು ದೊಡ್ಡ ಹೆಜ್ಜೆಯೇ ಸರಿ, ಆದರೆ ವೈದ್ಯಕೀಯ ಒಂದು ಮನೆ, ಹಲ್ಲು ಇನ್ನೊಂದು ಮನೆ ಎಂಬ ಪಾಲುಪಟ್ಟಿಯೂ ಅಲ್ಲಿಂದಲೇ ಗಟ್ಟಿಯಾಯಿತು. ಮಧುಮೇಹ ಒಸಡನ್ನು ಕೆಡಿಸುತ್ತದೆ, ಕೆಟ್ಟ ಒಸಡು ಮಧುಮೇಹದ ಹತೋಟಿಯನ್ನು ಕೆಡಿಸುತ್ತದೆ. ಅವೆರಡೂ ಈ ಪಾಲನ್ನು ಒಪ್ಪಿಲ್ಲ. ಒಪ್ಪಿಕೊಂಡವರು ಆರೋಗ್ಯ ವಿಮೆಯವರು. ಎಷ್ಟೋ ದೇಶಗಳ ವಿಮೆಗಳಲ್ಲಿ ದೇಹವೆಲ್ಲ ಒಳಗೆ, ಹಲ್ಲು ಮಾತ್ರ ಹೊರಗೆ. ಸುಮಾರು 350 ಕೋಟಿ ಜನರಿಗೆ ಬಾಯಿಯ ಕಾಯಿಲೆಗಳಿವೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿ ಹೇಳಿದರೂ, ಹಲ್ಲೆಂದೊಡನೆ ಪತ್ರಿಕೆಗಳಿಗೆ ನೆನಪಾಗುವುದು ಬಿಳಿನಗೆಯ ಜಾಹೀರಾತು. ನಮ್ಮ ಪತ್ರಿಕೆಯೂ ಅಂಥವನ್ನು ಅಚ್ಚುಹಾಕಿದೆ, ನಾಚಿಕೆಯಿಂದಲೇ ಹೇಳುತ್ತೇನೆ. ಸನ್ಮಾನಪತ್ರಗಳೂ ಕಿತ್ತ ಹಲ್ಲುಗಳ, ನಡೆದ ಶಿಬಿರಗಳ ಸಂಖ್ಯೆಯನ್ನೇ ಕೇಳುತ್ತವೆ. ಕೀಳದೆ ಉಳಿಸಿದ ಹಲ್ಲುಗಳನ್ನು ತುಂಬಲು ಆ ಅರ್ಜಿಗಳಲ್ಲಿ ಅಂಕಣವೇ ಇರುವುದಿಲ್ಲ.

ನಿಮ್ಮ ಹನ್ನೊಂದು ವರ್ಷಗಳ ಬಗ್ಗೆ ನಾನೇನೂ ಹೇಳಲಾರೆ. ನಿಮ್ಮ ಬಾಯಿಯೊಳಗೆ ಏನಿದೆಯೆಂದು ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಪುಟಗಳ ವಿಚಾರಕ್ಕೆ ಬಂದರೆ, ನಾಲ್ಕು ಪುಟ ನಮಗೆ ಸಾಲಲಿಲ್ಲ. ಜಾಗವಿಲ್ಲದೆ ನಾನೇ ಕತ್ತರಿಸಿದ ಒಂದು ಪ್ಯಾರಾ ಅದರಲ್ಲಿತ್ತು. ಆ ವೈದ್ಯರು ವೃತ್ತಿ ನಿಲ್ಲಿಸಿದ ದಿನ ಪ್ರತಿ ಮನೆಯ ಹಲ್ಲಿನ ಕಾರ್ಡುಗಳನ್ನು ಮನೆಯವರಿಗೇ ಹಿಂತಿರುಗಿಸಿದರು. ಕೆಲವು ಕಾರ್ಡುಗಳಲ್ಲಿ ಮೂರು ತಲೆಮಾರಿನ ಹೆಸರುಗಳಿದ್ದವು, ಮೂರನೆಯ ತಲೆಮಾರಿನವರ ಮುಂದೆ ವರ್ಷಗಟ್ಟಲೆ ಒಂದೇ ಮಾತು ಬರೆದಿತ್ತು: ‘ನೋಡಿದೆ, ಏನೂ ಇಲ್ಲ.’