ಗಾರ್ಸಿನಿಯಾ ಮಾತ್ರೆ ತಿಂದರೆ ತೂಕ ಇಳಿಯುತ್ತಾ?

ಗಾರ್ಸಿನಿಯಾ ಕ್ಯಾಂಬೋಜಿಯಾ ಮಾತ್ರೆಯಿಂದ ಮೆಟಬಾಲಿಸಂ ಚುರುಕಾಗಿ ತೂಕ ಇಳಿಯುತ್ತಾ ಅಂತ ಕೇಳಿದ್ದೀರಿ. ಹೆಸರು ದೊಡ್ಡದು, ಆದರೆ ಅದು ನಮ್ಮ ಮಲೆನಾಡಿನ ಹುಳಿಹಣ್ಣು ಉಪ್ಪಾಗೆ ಅಷ್ಟೇ.

ನಮ್ಮೂರು ಹೊಸನಗರದ ಹತ್ತಿರ. ಉಪ್ಪಾಗೆ ಹಣ್ಣಾಗಿ ಉದುರುವುದು ಸರಿಯಾಗಿ ಜಡಿಮಳೆಯಲ್ಲಿ. ಬಿಸಿಲು ಎಲ್ಲಿಂದ ಬರಬೇಕು? ಸಿಪ್ಪೆಯನ್ನು ಒಲೆ ಮೇಲಿನ ಅಟ್ಟದಲ್ಲಿ ಹರವಿ ಬೆಂಕಿ ಕಾವಿಗೇ ಒಣಗಿಸಬೇಕು. ಮನೆಯೆಲ್ಲ ಹೊಗೆ, ಕಟ್ಟಿಗೆ ರಾಶಿ ರಾಶಿ ಖಾಲಿ. ಕಪ್ಪಾದ ಸಿಪ್ಪೆ ವ್ಯಾಪಾರಿಗೆ ಹೋಗುತ್ತಿತ್ತು. ಬೀಜದಿಂದ ಅಜ್ಜಿ ತುಪ್ಪ ತೆಗೆಯುತ್ತಿದ್ದರು. ದೋಸೆಗೂ ಅದೇ, ಒಡೆದ ಹಿಮ್ಮಡಿಗೂ ಅದೇ. ತಮಾಷೆ ನೋಡಿ, ಬೀಜದ ಕೊಬ್ಬು ನಮ್ಮ ದೋಸೆಗೆ, ಸಿಪ್ಪೆ ಮಾತ್ರ ಕೊಬ್ಬು ಕರಗಿಸಬೇಕು ಅನ್ನುವವರಿಗೆ!

ಆ ಸಿಪ್ಪೆಯ ಹುಳಿಯೇ ಹೈಡ್ರಾಕ್ಸಿಸಿಟ್ರಿಕ್ ಆಮ್ಲ, ಅಂದರೆ ಎಚ್‌ಸಿಎ. ಉಂಡ ಅನ್ನ, ಸಕ್ಕರೆ ಹೆಚ್ಚಾದರೆ ದೇಹ ಅದನ್ನು ಕೊಬ್ಬು ಮಾಡಿಡುತ್ತದೆ. ಅದಕ್ಕೆ ಎಟಿಪಿ ಸಿಟ್ರೇಟ್ ಲೈಯೇಸ್ ಅನ್ನುವ ಕಿಣ್ವ ಬೇಕು. ಎಚ್‌ಸಿಎ ಈ ಕಿಣ್ವಕ್ಕೆ ಅಡ್ಡಗಾಲು ಹಾಕುತ್ತದೆ. ಇಲಿಗಳಿಗೆ ಕೊಟ್ಟು ನೋಡಿದಾಗ ಅವು ಮೇವನ್ನೂ ಕಡಿಮೆ ತಿಂದವು. ಇಲ್ಲಿಯವರೆಗೆ ಡಬ್ಬಿ ಮೇಲಿನ ಮಾತು ಸುಳ್ಳಲ್ಲ.

ಮನುಷ್ಯರ ವಿಷಯಕ್ಕೆ ಬಂದರೆ ಕತೆ ಬೇರೆ. 1998ರಲ್ಲಿ ಅಮೆರಿಕದ ಒಂದು ಅಧ್ಯಯನ ಪ್ರಕಟವಾಯಿತು. 135 ಜನ, 12 ವಾರ. ಅರ್ಧ ಜನಕ್ಕೆ ದಿನಕ್ಕೆ 1500 ಮಿಲಿಗ್ರಾಂ ಎಚ್‌ಸಿಎ, ಉಳಿದವರಿಗೆ ಎಚ್‌ಸಿಎ ಇಲ್ಲದ ಸುಮ್ನೆ ಹುಸಿ ಮಾತ್ರೆ. ಊಟದ ಪಥ್ಯ ಮಾತ್ರ ಎಲ್ಲರಿಗೂ ಒಂದೇ. ತೂಕ ಎರಡೂ ಗುಂಪಿನವರದು ಇಳಿಯಿತು, ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇಳಿಸಿದ್ದು ಪಥ್ಯ, ಅಲ್ವಾ? 2011ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದಾಗಲೂ ಸಿಕ್ಕ ಲಾಭ ಒಂದು ಕೆ.ಜಿ.ಗಿಂತ ಕಡಿಮೆ.

ನಮ್ಮ ಚಿಕ್ಕಮ್ಮ ಎರಡು ತಿಂಗಳು ನುಂಗಿದರು. ಹಗುರಾಗಿದ್ದು ಪರ್ಸು.

ಮುರುಗಲು (ಕೋಕಂ) ಹಣ್ಣಲ್ಲೂ ಎಚ್‌ಸಿಎ ಇದೆ, ಶರಬತ್ತು ಕುಡಿದರೆ ಸಾಕಲ್ವಾ ಅಂತಲೂ ಕೆಲವರು ಕೇಳುತ್ತಾರೆ. ಅದಕ್ಕೆ ಸುರಿಯುವ ಸಕ್ಕರೆ ನೋಡಿದ್ದೀರಾ?

ಹುಣಸೆ ಬದಲು ಸಾರಿಗೆ ಒಂದು ಚೂರು ಉಪ್ಪಾಗೆ ಹಾಕಿಕೊಳ್ಳಿ, ರುಚಿ ಇರುತ್ತದೆ. ಮಾತ್ರೆ ಬೇರೆ ವಿಷಯ. ಅದರಲ್ಲಿ ಸತ್ವ ಗಟ್ಟಿಯಾಗಿರುತ್ತದೆ, ಅದನ್ನು ತಿಂದವರಲ್ಲಿ ಕೆಲವರಿಗೆ ಲಿವರ್ ಕೆಟ್ಟ ಪ್ರಕರಣಗಳು ವರದಿಯಾಗಿವೆ. ಬಸುರಿಯರು, ಲಿವರ್ ತೊಂದರೆ ಇರುವವರು ಮುಟ್ಟಲೇಬೇಡಿ. ಶುಗರ್ ಮಾತ್ರೆಯನ್ನೋ ಖಿನ್ನತೆಯ ಮಾತ್ರೆಯನ್ನೋ ತಗೊಳ್ಳುತ್ತಿದ್ದರೆ ಮೊದಲು ಡಾಕ್ಟರನ್ನು ಕೇಳಿ. ಈಗಾಗಲೇ ಶುರು ಮಾಡಿದ್ದು, ಕಣ್ಣು ಹಳದಿಯಾದರೆ ಅಥವಾ ಮೂತ್ರದ ಬಣ್ಣ ಗಾಢವಾದರೆ ಅವತ್ತೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಹೋಗುವಾಗ ಆ ಡಬ್ಬಿಯನ್ನೂ ತಗೊಂಡು ಹೋಗಿ.