ಓದುಗರ ಪ್ರಶ್ನೆ: ಚಂದ್ರನ ಕುಳಿಗಳು ಫೋಟೋದಲ್ಲಿ ಏಕೆ ಬರುತ್ತಿಲ್ಲ?

ಪ್ರಶ್ನೆ: ನನ್ನಲ್ಲಿ ಆರು ಇಂಚಿನ (150 ಮಿ.ಮೀ.) ಡಾಬ್ಸೋನಿಯನ್ ಟೆಲಿಸ್ಕೋಪ್ (ಸರಳ ಪೀಠದ ಕನ್ನಡಿ ದೂರದರ್ಶಕ) ಇದೆ. ನಾಭಿದೂರ 1200 ಮಿ.ಮೀ. ಹುಣ್ಣಿಮೆಯಂದು ತಾರಸಿಯಲ್ಲಿಟ್ಟು, ಐಪೀಸಿಗೆ (ಕಣ್ಣಿಟ್ಟು ನೋಡುವ ಮಸೂರಕ್ಕೆ) ಮೊಬೈಲ್ ಹಿಡಿದು ಫೋಟೋ ತೆಗೆದರೆ ಬಿಳಿ ತಟ್ಟೆಯ ಹಾಗೆ ಬರುತ್ತದೆ. ಕನ್ನಡಿಯ ದೋಷವೇ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಕನ್ನಡಿಯಲ್ಲಿ ದೋಷವಿದ್ದಂತಿಲ್ಲ, ಆರಿಸಿದ ದಿನ ಸರಿಯಿಲ್ಲ. ಹುಣ್ಣಿಮೆಯಂದು ನಮಗೆ ಕಾಣುವ ಚಂದ್ರನ ಮುಖಕ್ಕೆ ಬಿಸಿಲು ನೇರವಾಗಿ ಬೀಳುವುದರಿಂದ ಕುಳಿಯ ಅಂಚಿನ ನೆರಳು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ನೆರಳಿಲ್ಲದಿದ್ದರೆ ಏರು ತಗ್ಗು ಗೊತ್ತಾಗುವುದು ಹೇಗೆ? ಅಂದು ಚೆನ್ನಾಗಿ ಬರುವುದು ಟೈಕೋ ಕುಳಿಯಿಂದ ಸುತ್ತಲೂ ಚಿಮ್ಮಿದ ಬಿಳಿ ಗೆರೆಗಳು ಮಾತ್ರ.

ದಿನ ಆರಿಸಲು ಗೋಡೆಯ ಪಂಚಾಂಗವೇ ಸಾಕು. ಸೂರ್ಯನಿಂದ ಚಂದ್ರ 12 ಡಿಗ್ರಿ ದೂರ ಸರಿದರೆ ಒಂದು ತಿಥಿ. ಚಂದ್ರನ ಮೇಲಿನ ಬಿಸಿಲು-ಕತ್ತಲೆಯ ಗಡಿಯೂ ತಿಥಿಗೆ ಅಷ್ಟೇ ಡಿಗ್ರಿ ಸರಿಯುತ್ತದೆ. ನೋಡಬೇಕಾದದ್ದು ಆ ಗಡಿಯನ್ನು. ಶುಕ್ಲ ಷಷ್ಠಿಯ ಹೊತ್ತಿಗೆ ಥಿಯೋಫಿಲಸ್, ಅಷ್ಟಮಿಗೆ ಟಾಲೆಮಿಯಸ್, ಅಲ್ಫಾನ್ಸಸ್, ಅರ್ಜಾಕೆಲ್ ಎಂಬ ಸಾಲುಕುಳಿಗಳು, ನವಮಿಗೆ ‘ನೇರ ಗೋಡೆ’ ಎಂದು ಕರೆಯುವ ಸುಮಾರು 110 ಕಿ.ಮೀ. ಉದ್ದದ ಕಪ್ಪು ಗೆರೆ, ದಶಮಿಗೆ 93 ಕಿ.ಮೀ. ಅಗಲದ ಕೋಪರ್ನಿಕಸ್. ಚಂದ್ರ ತುಸು ಓಲಾಡುವುದರಿಂದ ಒಂದು ದಿನ ಹಿಂದೆ ಮುಂದೆ ಆಗಬಹುದು. ಹೊಸಬರಿಗೆ ನನ್ನ ಸಲಹೆ ನವಮಿ-ದಶಮಿ. ಅಷ್ಟಮಿಯ ಚಂದ್ರ ಸೂರ್ಯ ಮುಳುಗುವ ಹೊತ್ತಿಗೇ ಅತಿ ಎತ್ತರಕ್ಕೆ ಏರಿರುತ್ತಾನೆ, ಆಗ ನೆಲದ ಕಾವು ಇನ್ನೂ ಇಳಿದಿರುವುದಿಲ್ಲ. ದಶಮಿಯವನು ಏಳೂವರೆ, ಎಂಟಕ್ಕೆ ಎತ್ತರದಲ್ಲಿರುತ್ತಾನೆ.

ಇನ್ನು ಬಿಳಿಚುವಿಕೆ. ಚಿತ್ರದ ಬಹುಪಾಲು ಕಪ್ಪು ಆಕಾಶವಾದ್ದರಿಂದ ಮೊಬೈಲು ಕತ್ತಲೆಯೆಂದು ತಿಳಿದು ಬೆಳಕನ್ನು ಹೆಚ್ಚಿಸುತ್ತದೆ. ಪ್ರೊ ಮೋಡಿಗೆ ಹೋಗಿ, ಬೆಳಕಿನ ಸೂಕ್ಷ್ಮತೆ ತೋರಿಸುವ ಐಎಸ್‌ಒ 100 ಇಡಿ. ಅಷ್ಟಮಿಯ ಆಸುಪಾಸಿನಲ್ಲಿ 25 ಮಿ.ಮೀ. ಐಪೀಸಿಗೆ ಶಟರ್ 1/500, 10 ಮಿ.ಮೀ. ಐಪೀಸಿಗೆ 1/100 ಸೆಕೆಂಡಿನಿಂದ ಶುರು ಮಾಡಿ, ಬಿಳಿಚಿದರೆ ಇನ್ನೂ ಕಡಿಮೆ ಮಾಡಿ. ಪ್ರೊ ಮೋಡ್ ಇಲ್ಲದಿದ್ದರೆ ಪರದೆಯ ಮೇಲಿನ ಚಂದ್ರನನ್ನು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಪ್ರಕಾಶವನ್ನು ಕೆಳಗೆ ಎಳೆಯಿರಿ. ಕೈಯಲ್ಲಿ ಹಿಡಿಯುವುದು ಬೇಡ, ಐಪೀಸಿಗೆ ಸಿಕ್ಕಿಸುವ ಮೊಬೈಲ್ ಅಡಾಪ್ಟರ್ ಬೇಕೇ ಬೇಕು. ಮೂರು ಸೆಕೆಂಡಿನ ಟೈಮರ್ ಇಟ್ಟರೆ ಬೆರಳಿನ ಅದುರು ತಟ್ಟದು. ಚಂದ್ರನನ್ನು ಗುರುತಿಸಿ ತಾನೇ ತಿದ್ದುವ ಸೌಲಭ್ಯ ಮೊಬೈಲಿನಲ್ಲಿದ್ದರೆ ದಯವಿಟ್ಟು ಆಫ್ ಮಾಡಿ. ಅದು ಸೇರಿಸಿದ ವಿವರ ನಿಮ್ಮ ಕನ್ನಡಿ ಕಂಡದ್ದಲ್ಲ.

ತಾರಸಿಯ ವಿಷಯ ಕೊನೆಗೆ ಹೇಳುತ್ತಿದ್ದರೂ ಅದು ಸಣ್ಣದಲ್ಲ. ಹಗಲಿಡೀ ಕಾದ ಸಿಮೆಂಟು ರಾತ್ರಿ ಬಹಳ ಹೊತ್ತು ಬಿಸಿಗಾಳಿ ಬಿಡುತ್ತದೆ, ಚಂದ್ರ ನೀರಿನ ತಳದಲ್ಲಿದ್ದಂತೆ ಕುದಿಯುತ್ತಾನೆ. ಹುಲ್ಲು ಅಥವಾ ಮಣ್ಣಿನ ಅಂಗಳ ಮೇಲು. ಚಂದ್ರ ಹೆಂಚಿನ ಮಾಡಿನ ಮೇಲಿಂದ ಕಾಣುವ ಜಾಗ ಬೇಡ. ಟೆಲಿಸ್ಕೋಪನ್ನು ಮುಕ್ಕಾಲು ಗಂಟೆ ಮೊದಲೇ ಹೊರಗಿಡಿ, ಒಳಗಿನ ಕನ್ನಡಿ ತಣಿಯಬೇಕು. ನಮ್ಮ ಕರಾವಳಿಯ ತೇವಕ್ಕೆ ಐಪೀಸು ಬೇಗ ಮಸುಕಾಗುತ್ತದೆ. ಬಳಸದಿರುವ ಐಪೀಸನ್ನು ಜೇಬಿನಲ್ಲಿ ಬೆಚ್ಚಗಿಟ್ಟುಕೊಳ್ಳಿ.

ಪ್ರಶ್ನೆ: 130 ಮಿ.ಮೀ. ನ್ಯೂಟೋನಿಯನ್, ನಾಭಿದೂರ 900. ಡಿಎಸ್‌ಎಲ್‌ಆರ್ ಜೋಡಿಸಿದರೆ ಫೋಕಸ್ ಸಿಗುವುದೇ ಇಲ್ಲ. ಫೋಕಸರನ್ನು (ಐಪೀಸ್ ಕೂರುವ, ಒಳಗೆ ಹೊರಗೆ ಸರಿಯುವ ಕೊಳವೆಯನ್ನು) ಪೂರ್ತಿ ಒಳಗೆ ತಳ್ಳಿದರೂ ಮಸುಕು.
– ಅಕ್ಕಲಕೋಟೆಯ ವಿದ್ಯಾರ್ಥಿ

ಉತ್ತರ: ಒಳಗೆ ತಳ್ಳಿದಷ್ಟೂ ಚಿತ್ರ ಸ್ಪಷ್ಟವಾಗುತ್ತಾ ಬಂದು, ಕೊನೆ ಮುಟ್ಟಿದಾಗಲೂ ಪೂರ್ತಿ ಸರಿಹೋಗದಿದ್ದರೆ ಕಾರಣ ಒಂದೇ. ಟಿ-ರಿಂಗ್ (ಕ್ಯಾಮೆರಾವನ್ನು ಟೆಲಿಸ್ಕೋಪಿಗೆ ಜೋಡಿಸುವ ಬಳೆ) ಮತ್ತು ಕ್ಯಾಮೆರಾದ ದಪ್ಪ ಸೇರಿ ಸೆನ್ಸರ್ ಸುಮಾರು 55 ಮಿ.ಮೀ. ಹಿಂದೆ ಉಳಿಯುತ್ತದೆ. ಐಪೀಸಿಗೆಂದು ಮಾಡಿದ ಕೊಳವೆಯಲ್ಲಿ ಬೆಳಕು ಅಷ್ಟು ಹೊರಗೆ ಬಂದು ಕೂಡುವುದಿಲ್ಲ. ಅಗ್ಗದ ಪರಿಹಾರ 2 ಪಟ್ಟಿನ ಬಾರ್ಲೋ ಮಸೂರ, ಅದು ಫೋಕಸನ್ನು ಹೊರಕ್ಕೆ ತಳ್ಳುತ್ತದೆ. ಚಂದ್ರಬಿಂಬದ ಅಗಲ ನಾಭಿದೂರದ ಸುಮಾರು 110ನೇ ಒಂದು ಭಾಗ. ನಿಮಗೆ ಈಗ 8 ಮಿ.ಮೀ., ಬಾರ್ಲೋದಿಂದ 16. ಎಪಿಎಸ್-ಸಿ (ಸಾಮಾನ್ಯ ಡಿಎಸ್‌ಎಲ್‌ಆರ್‌ಗಳಲ್ಲಿರುವ ಅಳತೆಯ) ಸೆನ್ಸರಿನ ಉದ್ದ ಬದಿಗೆ ಚಂದ್ರನ ಉದ್ದವನ್ನು ಹೊಂದಿಸಿದರೆ ಹಿಡಿಯುತ್ತದೆ. ಎಫ್/14 (ನಾಭಿದೂರ ಕನ್ನಡಿಯ ಅಗಲದ 14 ಪಟ್ಟು) ಆಗುವುದರಿಂದ ಅಷ್ಟಮಿಗೆ ಐಎಸ್‌ಒ 800, ಶಟರ್ 1/125. ಕ್ಯಾಮೆರಾದ ಕನ್ನಡಿ ಮೇಲೇಳುವ ಹೊಡೆತವೂ ಚಿತ್ರವನ್ನು ಅದುರಿಸುತ್ತದೆ, ಲೈವ್ ವ್ಯೂನಲ್ಲೇ ತೆಗೆಯಿರಿ. ಮುಖ್ಯ ಕನ್ನಡಿಯನ್ನು ಉದ್ದದ ಬೋಲ್ಟ್ ಹಾಕಿ ಮೇಲಕ್ಕೆ ಸರಿಸುವವರೂ ಇದ್ದಾರೆ. ಆದರೆ ಆಮೇಲೆ ಕನ್ನಡಿಗಳನ್ನು ಮತ್ತೆ ನೇರಕ್ಕೆ ತರಬೇಕು, ಐಪೀಸಿನಲ್ಲಿ ನೋಡಲು ಉದ್ದದ ಕೊಳವೆ ಬೇಕು. ಮೊದಲು ಬಾರ್ಲೋ ನೋಡಿ.

ಪ್ರಶ್ನೆ: ಫೋಟೋಗಿಂತ ವಿಡಿಯೋ ಒಳ್ಳೆಯದು ಎನ್ನುತ್ತಾರೆ. ಏಕೆ? ಮೋಟಾರ್ ಇಲ್ಲದ ಟೆಲಿಸ್ಕೋಪಿಗೂ ಆದೀತೇ?
– ಓದುಗರೊಬ್ಬರು, ಮಂಜೇಶ್ವರ

ಉತ್ತರ: ಆಗುತ್ತದೆ. ಗಾಳಿ ಪ್ರತಿಕ್ಷಣ ಚಿತ್ರವನ್ನು ಕದಡುತ್ತದೆ, ನಡುನಡುವೆ ಕೆಲವು ಚೌಕಟ್ಟುಗಳು ಮಾತ್ರ ತಿಳಿಯಾಗಿರುತ್ತವೆ. ಒಂದೇ ಫೋಟೋದಲ್ಲಿ ಅಂಥದ್ದು ಸಿಗುವುದು ಅದೃಷ್ಟ. 1500-2000 ಚೌಕಟ್ಟು ಹಿಡಿದು ಒಳ್ಳೆಯ 10-20 ಶೇಕಡಾ ಆರಿಸಿ ಒಂದರ ಮೇಲೊಂದು ಕೂಡಿಸಿದರೆ ಕಾಳುಕಾಳು ಕಡಿಮೆಯಾಗುತ್ತದೆ, ಆಮೇಲೆ ಹರಿತಗೊಳಿಸಲು ಧೈರ್ಯ ಬರುತ್ತದೆ. ಮೋಟಾರ್ ಇಲ್ಲದಿದ್ದರೆ ಚಂದ್ರನನ್ನು ಒಂದು ಬದಿಗೆ ತಂದು ಬಿಟ್ಟು, ತಾನಾಗಿ ದಾಟಿಹೋಗುವಾಗ ಚಿತ್ರಿಸಿ. ಹಾಗೆ ಮೂರು ನಾಲ್ಕು ಸಲ. ಆ ಓಟ ಸೆಕೆಂಡಿಗೆ ಸುಮಾರು 15 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3600ನೇ ಒಂದು ಭಾಗ). ಶಟರ್ 1/100ಕ್ಕಿಂತ ಚುರುಕಾಗಿದ್ದರೆ ಅದರಿಂದ ಹಾನಿಯಿಲ್ಲ. ಕಂಪ್ಯೂಟರಿನಲ್ಲಿ ಮೊದಲು ಪಿಐಪಿಪಿ ತಂತ್ರಾಂಶ ಚಂದ್ರನನ್ನು ನಡುವಿಗೆ ತರುತ್ತದೆ, ಆಟೋಸ್ಟ್ಯಾಕರ್ಟ್ ಆರಿಸಿ ಕೂಡಿಸುತ್ತದೆ, ರೆಜಿಸ್ಟ್ಯಾಕ್ಸ್ ಹರಿತಗೊಳಿಸುತ್ತದೆ. ಮೂರೂ ಉಚಿತ. ಕುಳಿಯ ಅಂಚಿಗೆ ಬಿಳಿ ಅಥವಾ ಕಪ್ಪು ಬಳೆ ಮೂಡಿದರೆ ಹರಿತ ಮಿತಿಮೀರಿದೆ, ಹಿಂದಕ್ಕೆ ಬನ್ನಿ.

ಪ್ರಶ್ನೆ: ಚಂದ್ರಯಾನ-3 ಇಳಿದ ಜಾಗ ಆರು ಇಂಚಿನಲ್ಲಿ ಸಿಗುತ್ತದೆಯೇ?
– ಹೊಸೂರಿನ ಶಿಕ್ಷಕಿ

ಉತ್ತರ: ಲ್ಯಾಂಡರ್ ಖಂಡಿತ ಕಾಣದು. ಗಾಳಿ ನಿಶ್ಚಲವಾಗಿದ್ದರೂ ಆರು ಇಂಚಿನ ಕನ್ನಡಿ ಚಂದ್ರನ ಮೇಲೆ ಬೇರ್ಪಡಿಸಬಲ್ಲದ್ದು ಒಂದೂವರೆ ಕಿ.ಮೀ. ಅಷ್ಟೇ. ಆದರೆ 2023ರ ಆಗಸ್ಟ್ 23ರಂದು ಅದು ಇಳಿದ ಪ್ರದೇಶ ದಕ್ಷಿಣಕ್ಕೆ 69 ಡಿಗ್ರಿಯಲ್ಲಿ, ಮ್ಯಾಂಜಿನಸ್ ಕುಳಿಯ ಹತ್ತಿರ ಇದೆ. ಶುಕ್ಲ ಸಪ್ತಮಿಯ ಹೊತ್ತಿಗೆ ಆ ಕುಳಿಯನ್ನು ಮಕ್ಕಳಿಗೆ ತೋರಿಸಬಹುದು. ಅಂಚಿಗೆ ಹತ್ತಿರವಾದ್ದರಿಂದ ಅದು ದುಂಡಗಲ್ಲ, ಚಪ್ಪಟೆ ಮೊಟ್ಟೆಯಂತೆ ಕಾಣುತ್ತದೆ.