ಚಾರ್ಜ್ ಅಂದರೆ ಹೇರು

ಪ್ರಶ್ನೆ: ಫೋನಿಗೂ ಚಾರ್ಜ್, ಬಸ್ಸಿಗೂ ಚಾರ್ಜ್, ಆಫೀಸಿಗೆ ಹೊಸ ಸಾಹೇಬರು ಬಂದರೆ ಅವರು ತಗೊಳ್ಳೋದೂ ಚಾರ್ಜ್. ಪೊಲೀಸರು ಹಾಕೋದು ಚಾರ್ಜ್‌ಶೀಟ್, ಬೀಸೋದು ಲಾಠಿ ಚಾರ್ಜ್. ಇದೆಲ್ಲ ಒಂದೇ ಪದವಾ?
– ಓದುಗರೊಬ್ಬರು, ವಿಜಯಪುರ

ಉತ್ತರ: ಒಂದೇ ಪದ. ನಿಘಂಟು ತಿರುವೋದಕ್ಕಿಂತ ಕಬ್ಬಿನ ಹಂಗಾಮಿನಲ್ಲಿ ನಿಮ್ಮ ಕಡೆ ಹೇರು ತುಂಬಿಕೊಂಡು ಹೋಗುವ ಚಕ್ಕಡಿ ನೋಡಿದರೆ ಬೇಗ ತಿಳಿಯುತ್ತದೆ. ಲ್ಯಾಟಿನ್ನಿನಲ್ಲಿ ‘ಕರ್ರುಸ್’ ಅಂದರೆ ಗಾಡಿ. ಗಾಡಿಗೆ ಹೇರೋದು ಅನ್ನುವ ಕ್ರಿಯಾಪದ ಅದರಿಂದ ಹುಟ್ಟಿ, ಫ್ರೆಂಚ್ ದಾಟಿ ಇಂಗ್ಲಿಷಿಗೆ ಬರುವ ಹೊತ್ತಿಗೆ ಚಾರ್ಜ್ ಆಗಿತ್ತು. ಕಾರು, ಕಾರ್ಗೋ ಇದರ ಅಣ್ಣತಮ್ಮಂದಿರು.

ಆಮೇಲೆ ಏನೇನು ಹೇರಿದರು ನೋಡಿ. ದುಡ್ಡಿನ ಭಾರ ಹೇರಿದರೆ ಶುಲ್ಕ, ಹೊಣೆ ಹೇರಿದರೆ ಇನ್‌ಚಾರ್ಜ್, ಅಪರಾಧ ಹೇರಿದರೆ ಚಾರ್ಜ್‌ಶೀಟ್. ನಾವೂ ಹೀಗೇ ಅಲ್ವಾ? ತೆರಿಗೆ ಹೇರುತ್ತೇವೆ, ಜವಾಬ್ದಾರಿ ಹೊರುತ್ತೇವೆ, ಆರೋಪ ಹೊರಿಸುತ್ತೇವೆ.

ಫೋನಿನ ಚಾರ್ಜ್ ಕಥೆ ನನಗೆ ಜಾಸ್ತಿ ಇಷ್ಟ. ನಿಮ್ಮೂರ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪು ಇದೆಯಲ್ಲ, 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು, ಸುಮಾರು 55 ಟನ್ ತೂಕದ್ದು, ಅಂಥ ತೋಪಿನ ಹೊಟ್ಟೆಗೆ ಒಂದು ಸಲಕ್ಕೆ ತುಂಬುವ ಮದ್ದಿಗೂ ಇಂಗ್ಲಿಷಿನಲ್ಲಿ ಚಾರ್ಜ್ ಅಂತಲೇ ಹೆಸರು. 1740ರ ದಶಕದ ಕೊನೆಗೆ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಲೈಡನ್ ಜಾಡಿ ಅನ್ನುವ ಗಾಜಿನ ಜಾಡಿಗಳಲ್ಲಿ ವಿದ್ಯುತ್ ತುಂಬಿಡುವ ಪ್ರಯೋಗ ಮಾಡುತ್ತಿದ್ದ. ತುಂಬೋದಕ್ಕೆ ಚಾರ್ಜ್ ಅಂದ. ಸಾಲಾಗಿ ಜೋಡಿಸಿದ ಜಾಡಿಗಳಿಗೆ ಬ್ಯಾಟರಿ ಅಂದ. ಬ್ಯಾಟರಿ ಅಂದರೆ ಅಲ್ಲಿಯವರೆಗೆ ತೋಪುಗಳ ಸಾಲು! ನಿಮ್ಮ ಜೇಬಿನ ಫೋನಿನಲ್ಲಿರೋದು ಯುದ್ಧಭೂಮಿಯ ಮಾತು.

ಲಾಠಿ ಚಾರ್ಜೂ ಯುದ್ಧದ್ದೇ, ನುಗ್ಗಿ ಹೋಗೋದು ಅಂತ.

ಇನ್ನು ಡಿಸ್ಚಾರ್ಜ್ ಅಂದರೆ ಹೇರು ಇಳಿಸೋದು. ಆಸ್ಪತ್ರೆಯಿಂದ ರೋಗಿ ಡಿಸ್ಚಾರ್ಜ್ ಆಗುತ್ತಾನೆ, ಮಳೆಗಾಲದಲ್ಲಿ ಆಲಮಟ್ಟಿಯಿಂದ ಕೃಷ್ಣೆಗೆ ಇಷ್ಟು ಕ್ಯುಸೆಕ್ ಡಿಸ್ಚಾರ್ಜ್ ಅಂತ ಸುದ್ದಿ ಬರುತ್ತದೆ. ಒಂದು ಕ್ಯುಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್ ನೀರು.

ಬಸ್ ಚಾರ್ಜ್ ಮಾತ್ರ ನಮ್ಮ ರೂಢಿ. ಇಂಗ್ಲಿಷ್ ಮಂದಿ ಅದಕ್ಕೆ ಫೇರ್ ಅಂತಾರೆ. ಹಾಗಂತ ಕಂಡಕ್ಟರ್ ಮುಂದೆ ಇಂಗ್ಲಿಷ್ ತಿದ್ದಿಕೊಳ್ಳೋಕೆ ಹೋಗಬೇಡಿ. ‘ಬಾಗಲಕೋಟೆಗೆ ಚಾರ್ಜ್ ಎಷ್ಟ್ರೀ’ ಅಂದರೆ ಟಿಕೆಟ್ ಬೇಗ ಕೈಗೆ ಬರುತ್ತದೆ.